ತಿಂಗಳ ಸಂಬಳ ಬಿಟ್ಟು ಸ್ಯಾಕ್ಸೋಫೋನ್ ನಂಬಬಹುದಾ?

ಪ್ರಶ್ನೆ: ನನಗೆ 28 ವರ್ಷ. ಊರು ಬಂಟ್ವಾಳದ ಹತ್ತಿರ. ಸಹಕಾರಿ ಸೊಸೈಟಿಯಲ್ಲಿ ಕ್ಲರ್ಕ್ ಆಗಿದ್ದೇನೆ. ಹತ್ತು ವರ್ಷದಿಂದ ಮಾವನ ವಾದ್ಯದ ಸೆಟ್‌ನಲ್ಲಿ ಮದುವೆ, ದೇವಸ್ಥಾನಗಳಿಗೆ ಆಲ್ಟೋ ಸ್ಯಾಕ್ಸೋಫೋನ್ ನುಡಿಸುತ್ತೇನೆ. ಕಳೆದ ವರ್ಷ ಬೆಂಗಳೂರಿನ ಒಂದು ಸ್ಟುಡಿಯೋದವರು ಮೂರು ಸಲ ಕರೆಸಿ ಹಾಡಿಗೆ ಬಿಟ್, ಅಂದರೆ ಹಾಡಿನ ನಡುವೆ ಬರುವ ವಾದ್ಯದ ತುಣುಕು, ನುಡಿಸಿಕೊಂಡರು. ಕೆಲಸ ಬಿಟ್ಟು ಬೆಂಗಳೂರಿಗೆ ಬಂದು ರೆಕಾರ್ಡಿಂಗ್ ನುಡಿಸಿಕೊಂಡೇ ಬದುಕಬಹುದಾ? ಏನೇನು ಕಲಿಯಬೇಕು? ಇನ್ನೊಂದು ಸಣ್ಣ ಪ್ರಶ್ನೆ, ಊದುವಾಗ ಬಾಯೊಳಗೆ ಅದುರುವ ತೆಳು ಪಟ್ಟಿ, ರೀಡ್, ನಂಬರ್ ಎರಡೂವರೆ ಒಳ್ಳೆಯದಾ, ಮೂರು ಒಳ್ಳೆಯದಾ?

ಉತ್ತರ: ವರ್ಷಕ್ಕೆ ಮೂರು ಸಲ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅದೇ. ಹೊಸಬರಿಗೆ ಅದು ಕಡಿಮೆಯೇನಲ್ಲ. ಮೂರನೇ ಸಲ ಕರೆದರು ಅಂದರೆ ಮೊದಲೆರಡು ಸಲ ನೀವು ಅವರ ಹೊತ್ತು ಹಾಳು ಮಾಡಲಿಲ್ಲ ಅಂತ ಅರ್ಥ. ಆದರೆ ಆ ಮೂರು ದಿನದ ದುಡ್ಡಿನಲ್ಲಿ ಬೆಂಗಳೂರಿನ ಬಾಡಿಗೆ ಎಷ್ಟು ತಿಂಗಳು ಕಟ್ಟಬಹುದು ಅಂತ ನೀವೇ ಲೆಕ್ಕ ಹಾಕಿ. ಹಾಗಾಗಿ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಸ್ಯಾಕ್ಸೋಫೋನ್ ನಂಬಿ ಬದುಕಬಹುದು. ಸ್ಟುಡಿಯೋ ಒಂದನ್ನೇ ನಂಬಿ ಆಗುವುದಿಲ್ಲ. ಅನ್ನ ಹಾಕುವುದು ಗಟ್ಟಿಮೇಳ.

ನಾನೂ ಕರಾವಳಿಯವನೇ. ಬೆಂಗಳೂರಿಗೆ ಬಂದು 26 ವರ್ಷ ಆಯಿತು. ದುಡ್ಡು ಬಂದ ದಿನಗಳನ್ನೆಲ್ಲ ಡೈರಿಯಲ್ಲಿ ಬರೆದಿಡುವ ಅಭ್ಯಾಸ ನನಗೆ. ಕಳೆದ ವರ್ಷ ಅಂಥ ದಿನಗಳು 143. ಅದರಲ್ಲಿ ಮದುವೆ, ಉಪನಯನ, ಗೃಹಪ್ರವೇಶ, ದೇವಸ್ಥಾನ ಸೇರಿ 81. ಆರ್ಕೆಸ್ಟ್ರಾ, ಹೋಟೆಲು, ಕಂಪನಿ ಪಾರ್ಟಿ 34. ಸ್ಟುಡಿಯೋ ಬರೀ 28. ಆದರೂ ಯಾರಿಗಾದರೂ ನನ್ನ ಪರಿಚಯ ಮಾಡಿಸುವಾಗ ಎಲ್ಲರೂ ಹೇಳುವುದು ಒಂದೇ, "ಇವರು ಸಿನಿಮಾಕ್ಕೆ ನುಡಿಸ್ತಾರೆ." ನಾನೂ ಸುಮ್ನೆ ನಗುತ್ತೇನೆ. ಉಳಿದ 115 ದಿನದ ಕತೆ ಯಾರಿಗೆ ಬೇಕು?

ಆದ್ದರಿಂದ ನೀವು ಮೊದಲು ಕೊಳ್ಳಬೇಕಾದದ್ದು ಒಂದು ಪಂಚಾಂಗ. ತಮಾಷೆಯಲ್ಲ. ನಿಮ್ಮ ಕಡೆಯ ಲೆಕ್ಕ ನಿಮಗೆ ಗೊತ್ತೇ ಇದೆ. ದೀಪಾವಳಿ ಕಳೆದ ಮೇಲೆ ಜಾತ್ರೆ, ತೇರು, ಕೋಲ ಒಂದೊಂದಾಗಿ ಶುರುವಾದರೆ ಮೇ ಕೊನೆಯ ಪತ್ತನಾಜೆಯವರೆಗೆ, ಅಂದರೆ ಜಾತ್ರೆ, ಕೋಲಗಳಿಗೆ ತೆರೆ ಬೀಳುವ ದಿನದವರೆಗೆ, ಬಿಡುವಿಲ್ಲ. ಆಮೇಲೆ ಅಲ್ಲೊಂದು ಇಲ್ಲೊಂದು ಮದುವೆ. ಜುಲೈ ಮಧ್ಯದಲ್ಲಿ ಆಟಿ, ಅಂದರೆ ತುಳುವರ ಮಳೆಗಾಲದ ತಿಂಗಳು, ಬಂತೋ, ಡೋಲಿನವನು ಡೋಲಿಗೆ ಬಟ್ಟೆ ಹೊದೆಸಿ ಮೂಲೆಗಿಡುತ್ತಾನೆ. ಬೆಂಗಳೂರಿನ ಲೆಕ್ಕ ಬೇರೆ. ಇಲ್ಲಿ ಆಷಾಢದಲ್ಲಿ ಮದುವೆ ಇಲ್ಲ, ಶ್ರಾವಣ ಹುಟ್ಟಿದ ಕೂಡಲೇ ಛತ್ರಗಳು ತುಂಬುತ್ತವೆ. ನಡುವೆ ಪಿತೃಪಕ್ಷ ಖಾಲಿ, ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಧನುರ್ಮಾಸ ಖಾಲಿ. ಆದರೆ ಆ ಧನುರ್ಮಾಸದಲ್ಲೇ ಕ್ರಿಸ್‌ಮಸ್ಸು, ಹೊಸ ವರ್ಷ, ಕ್ಲಬ್ಬು, ಹೋಟೆಲು. ಕ್ರಿಸ್‌ಮಸ್ ಕಳೆದರೆ ಮಂಗಳೂರು ಕಡೆಯ ಕ್ರಿಶ್ಚಿಯನ್ ಮದುವೆಗಳು ಶುರು, ಅಲ್ಲಿ ಬ್ರಾಸ್ ಬ್ಯಾಂಡ್‌ಗೆ ಸ್ಯಾಕ್ಸೋಫೋನ್ ಬೇಕೇ ಬೇಕು. ಈಸ್ಟರ್‌ಗೆ ಮುಂಚಿನ ಕಪ್ಪು ದಿನಗಳಲ್ಲಿ ಅವರೂ ಮದುವೆ ಇಟ್ಟುಕೊಳ್ಳುವುದಿಲ್ಲ. ಗಣೇಶ ಬಂದರೆ ಆರ್ಕೆಸ್ಟ್ರಾ. ನವೆಂಬರ್ ಪೂರ್ತಿ ರಾಜ್ಯೋತ್ಸವ, ಬೆಂಗಳೂರಿನ ಬೀದಿ ಬೀದಿಯಲ್ಲಿ ಪೆಂಡಾಲು. ಹಳೇ ಹಾಡಿನ ಬಿಟ್‌ಗಳನ್ನು ಕೀಬೋರ್ಡ್‌ನಲ್ಲಿ ಬಾರಿಸಿದರೆ ಮುಂದಿನ ಸಾಲಿನ ಅಂಕಲ್‌ಗಳಿಗೆ ಸಮಾಧಾನ ಆಗುವುದಿಲ್ಲ, ನಿಜವಾದ ಸ್ಯಾಕ್ಸೋಫೋನ್ ಕೇಳಬೇಕು.

ಈ ಎರಡು ಪಂಚಾಂಗವನ್ನು ಒಂದರ ಮೇಲೊಂದು ಇಟ್ಟು ನೋಡಿ. ಎರಡೂ ಕಡೆ ಖಾಲಿ ಇರುವ ದಿನ ಎಷ್ಟು ಕಡಿಮೆ ಅಂತ ಗೊತ್ತಾಗುತ್ತದೆ. ಊರಿನ ಸೆಟ್ ಬಿಟ್ಟು ಬೆಂಗಳೂರಿಗೆ ಬಂದವನು ಅರ್ಧ ವರ್ಷ ಕೈಕಟ್ಟಿ ಕೂರಬೇಕು. ಎರಡನ್ನೂ ಹಿಡಿದುಕೊಂಡವನು ರಾತ್ರಿ ಬಸ್ಸಿನಲ್ಲಿ ಜಾಸ್ತಿ ನಿದ್ದೆ ಮಾಡಬೇಕು, ಅಷ್ಟೇ. ನಾನು ಎರಡನೆಯವನು. ಶಿರಾಡಿ ಘಾಟಿಯ ತಿರುವುಗಳಲ್ಲಿ ಕಣ್ಣು ಮುಚ್ಚಿಯೇ ಸಕಲೇಶಪುರ ಬಂತು ಅಂತ ಹೇಳಬಲ್ಲೆ.

ಇಲ್ಲಿ ನಾನು ಮಾಡಿದ ಒಂದು ತಪ್ಪು ಹೇಳುತ್ತೇನೆ. 2003ರಲ್ಲಿ ಚೆನ್ನೈಯಿಂದ ಒಂದು ರೆಕಾರ್ಡಿಂಗ್‌ಗೆ ಕರೆ ಬಂತು. ಅದೇ ದಿನ ಉಡುಪಿ ಕಡೆ ಒಪ್ಪಿಕೊಂಡ ಮದುವೆ ಇತ್ತು. ಮದುವೆಗೆ ಇನ್ನೊಬ್ಬ ಹುಡುಗನನ್ನು ಕಳಿಸಿ ನಾನು ಚೆನ್ನೈ ಬಸ್ ಹತ್ತಿದೆ. ಅಲ್ಲಿ ಹೋದರೆ ಗಾಯಕರಿಗೆ ಜ್ವರ, ರೆಕಾರ್ಡಿಂಗ್ ಇಲ್ಲ. ಮದುವೆಯಲ್ಲಿ ಆ ಹುಡುಗ ತಾಳಿ ಕಟ್ಟುವ ಹೊತ್ತಿಗೆ ಪುರೋಹಿತರ ಕೈಸನ್ನೆ ನೋಡದೆ ರೀಡ್ ಬದಲಿಸುತ್ತಾ ಕೂತಿದ್ದನಂತೆ. ಗಟ್ಟಿಮೇಳ ಏಳಲೇ ಇಲ್ಲ. ಸೀನು, ಕೆಮ್ಮು, ಯಾರದೋ ಕೆಟ್ಟ ಮಾತು, ಏನೂ ವಧೂವರರ ಕಿವಿಗೆ ಬೀಳಬಾರದು ಅಂತಲೇ ಅಲ್ವಾ ಗಟ್ಟಿಮೇಳ ಇರುವುದು? ಆ ಮನೆಯವರು ಮತ್ತೆ ನನ್ನನ್ನು ಕರೆಯಲಿಲ್ಲ. ಅವರ ನೆಂಟರೂ ಕರೆಯಲಿಲ್ಲ. ರೆಕಾರ್ಡಿಂಗ್ ಮುಂದಕ್ಕೆ ಹೋಗುತ್ತದೆ, ಮುಹೂರ್ತ ಹೋಗುವುದಿಲ್ಲ.

ಈಗ ನಿಮ್ಮ ಕೈಯಲ್ಲಿ ಏನಿದೆ ಅನ್ನುವುದನ್ನು ನೋಡೋಣ. ಬೆಂಗಳೂರಿನಲ್ಲಿ ಸ್ಯಾಕ್ಸೋಫೋನ್ ನುಡಿಸುವವರಿಗೆ ಬರವಿಲ್ಲ. ಜಾಝ್ ಕಲಿತವರಿದ್ದಾರೆ, ಬ್ಯಾಂಡಿನಲ್ಲಿ ಪಳಗಿದವರಿದ್ದಾರೆ. ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು, ಅದರ ಮೇಲೆ ಓಡಾಡುವುದರಲ್ಲಿ ಅವರ ಮುಂದೆ ನೀವು, ನಾನು ನಿಲ್ಲುವುದು ಕಷ್ಟ. ಆದರೆ ಸಂಗೀತ ನಿರ್ದೇಶಕರು "ಸ್ವಲ್ಪ ಮಂಗಳೂರು ಶೈಲಿ ಬೇಕು" ಅಂದಾಗ ಫೋನ್ ಬರುವುದು ನಮಗೆ. ಅದು ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸಿ ತೋರಿಸಿದ ಕದ್ರಿ ಗೋಪಾಲನಾಥರು ನಮಗೆಲ್ಲ ಬಿಟ್ಟು ಹೋದ ಆಸ್ತಿ. ಅವರ ತಂದೆ ನಾಗಸ್ವರದವರು. ಗೋಪಾಲನಾಥರು ಹುಡುಗನಾಗಿದ್ದಾಗ ಮೈಸೂರು ಅರಮನೆ ಬ್ಯಾಂಡಿನಲ್ಲಿ ಈ ವಾದ್ಯ ಕೇಳಿ ಮನಸೋತರು. ಮಂಗಳೂರಿನಲ್ಲಿ ಗೋಪಾಲಕೃಷ್ಣ ಅಯ್ಯರ್, ಆಮೇಲೆ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಹತ್ತಿರ ಕಲಿತರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಸಿದರು. 2004ರಲ್ಲಿ ಪದ್ಮಶ್ರೀ ಬಂತು. 2019ರಲ್ಲಿ ಹೋದರು. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಮಾಡಿಸಿದ ಮಿಲಿಟರಿ ಬ್ಯಾಂಡಿನ ವಾದ್ಯ ಇವತ್ತು ಬಂಟ್ವಾಳದ ಧಾರೆ ಮಂಟಪದಲ್ಲಿ ಇದೆ ಅಂದರೆ ಕಾರಣ ಅವರೇ.

ಸಾಮಾನ್ಯ ಕೆಲಸವಲ್ಲ ಅದು. ಕೊಳಲಿನಲ್ಲಾದರೆ ತೂತನ್ನು ಬೆರಳಿನಿಂದ ಅರ್ಧ ಮುಚ್ಚಿ ಗಮಕ ತೆಗೆಯಬಹುದು. ಸ್ಯಾಕ್ಸೋಫೋನಿನ ತೂತಿಗೆ ಬೆರಳು ತಾಗುವುದೇ ಇಲ್ಲ, ನಡುವೆ ಕೀಲಿ, ಪ್ಯಾಡು. ತುಟಿ ಸಡಿಲಿಸಿ, ದವಡೆ ಇಳಿಸಿ, ಕೀಲಿಯನ್ನು ನಿಧಾನವಾಗಿ ಎತ್ತಿ ಜಾರಿಸಬೇಕು. ನೀವು ಹತ್ತು ವರ್ಷ ಕಲ್ಯಾಣಿ, ಮೋಹನ ಊದಿ ಊದಿ ನಿಮ್ಮ ತುಟಿಗೆ ಅದು ಬಂದುಬಿಟ್ಟಿದೆ. ಜಾಝ್ ಹುಡುಗರಿಗೆ ಅದನ್ನು ಒಂದು ವಾರದಲ್ಲಿ ಕಲಿಯಲಾಗುವುದಿಲ್ಲ. ಅದನ್ನು ಬಿಟ್ಟುಕೊಡಬೇಡಿ.

ಆದರೆ ಅದೇ ಹತ್ತು ವರ್ಷ ನಿಮಗೆ ಒಂದು ಕೆಟ್ಟ ಅಭ್ಯಾಸವನ್ನೂ ಕಲಿಸಿದೆ. ನಿಮ್ಮ ಷಡ್ಜ ಕೂತಲ್ಲೇ ಕೂತಿದೆ. ಶ್ರುತಿ ಪೆಟ್ಟಿಗೆ ಬೆಳಿಗ್ಗೆ ಯಾವ ಶ್ರುತಿಗಿಟ್ಟರೋ ಊಟದ ಪಂಕ್ತಿ ಮುಗಿಯುವ ತನಕ ಅದೇ ಶ್ರುತಿ. ಸ್ಟುಡಿಯೋದಲ್ಲಿ ಹಾಗಲ್ಲ. ನನ್ನ ಎರಡನೆಯದೋ ಮೂರನೆಯದೋ ರೆಕಾರ್ಡಿಂಗ್. ಹಾಡು ಕಪ್ಪು ಎರಡರಲ್ಲಿ, ಹಾರ್ಮೋನಿಯಂನ ಎರಡನೇ ಕಪ್ಪು ಮನೆ, ಅಂದರೆ ಇ ಫ್ಲಾಟ್. ಆಲ್ಟೋದಲ್ಲಿ ಸಿ ಅಂತ ಬೆರಳಿಟ್ಟರೆ ಹೊರಡುವುದು ಅದೇ ಸ್ವರ. ಒಂದು ಶಾರ್ಪ್ ಇಲ್ಲ, ಫ್ಲಾಟ್ ಇಲ್ಲ. ಸ್ವರ್ಗ! ರಾತ್ರಿಯೆಲ್ಲ ಅಭ್ಯಾಸ ಮಾಡಿ, ಬಿಟ್ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಗಾಯಕರು ಬಂದರು, ಬಿಸಿನೀರು ಕುಡಿದರು, "ಗಂಟಲು ಸರಿಯಿಲ್ಲ, ಅರ್ಧ ಮನೆ ಇಳಿಸೋಣ" ಅಂದರು. ಕೀಬೋರ್ಡಿನವನು ಒಂದು ಗುಂಡಿ ಒತ್ತಿದ. ಗಿಟಾರಿನವನು ತಂತಿ ಒತ್ತಿ ಹಿಡಿಯುವ ಕ್ಲಿಪ್ಪು, ಕೇಪೋ, ಸರಿಸಿದ. ಎಲ್ಲರೂ ನನ್ನ ಕಡೆ ನೋಡಿದರು. ಬಿಳಿ ಎರಡು ಅಂದರೆ ಡಿ. ಡಿ ಬರಬೇಕಾದರೆ ಆಲ್ಟೋದಲ್ಲಿ ಬಿ ಸ್ಕೇಲ್ ನುಡಿಸಬೇಕು, ಐದು ಶಾರ್ಪ್. ಸ್ಯಾಕ್ಸೋಫೋನಿಗೆ ಗುಂಡಿಯೂ ಇಲ್ಲ, ಕೇಪೋವೂ ಇಲ್ಲ. ಎಂಟು ಬಾರ್‌ನ, ಅಂದರೆ ತಾಳದ ಎಂಟು ಸುತ್ತಿನ, ಆ ಬಿಟ್‌ಗೆ ನಾನು 22 ಟೇಕ್ ತಗೊಂಡೆ. ಇಂಜಿನಿಯರ್ ಪುಣ್ಯಾತ್ಮ, ಒಂದು ಮಾತೂ ಬೈಯಲಿಲ್ಲ. ಪ್ರತಿ ಟೇಕಿಗೂ ನಂಬರ್ ಮಾತ್ರ ಜೋರಾಗಿ ಹೇಳುತ್ತಿದ್ದ. ಅದಕ್ಕಿಂತ ಬೈಗುಳ ಬೇಕಾ?

ಆಮೇಲೆ ಒಂದು ವರ್ಷ ನಾನು ಮಾಡಿದ ಅಭ್ಯಾಸ ಇಷ್ಟೇ. ಒಂದೇ ಸಾಲನ್ನು ಹನ್ನೆರಡು ಶ್ರುತಿಯಲ್ಲೂ ನುಡಿಸುವುದು. ದಿನಕ್ಕೊಂದು ಸಾಲು. ಗಿಟಾರಿನವರು ಬರೆದ ಹಾಡುಗಳು ಹೆಚ್ಚಾಗಿ ಇ, ಎ, ಡಿ, ಜಿ ಸ್ಕೇಲ್‌ಗಳಲ್ಲಿರುತ್ತವೆ. ಅವರಿಗೆ ಅದು ಸಲೀಸು. ಆಲ್ಟೋದವನಿಗೆ ಅವು ಸಿ ಶಾರ್ಪ್, ಎಫ್ ಶಾರ್ಪ್, ಬಿ, ಇ ಆಗಿ ಬರುತ್ತವೆ. ಅಲ್ಲಿಂದಲೇ ಶುರು ಮಾಡಿ. ಸುಲಭದ್ದು ಹೇಗೂ ಬರುತ್ತದೆ.

ಸ್ಟಾಫ್ ನೊಟೇಶನ್ ಓದಲು ಕಲಿಯಿರಿ. ಎಲ್ಲ ಕಡೆ ಹಾಳೆ ಕೊಡುವುದಿಲ್ಲ, ಎಷ್ಟೋ ಜನ ಬಾಯಲ್ಲೇ ಗುನುಗಿ ತೋರಿಸುತ್ತಾರೆ, ಕೆಲವರು ವಾಟ್ಸಾಪ್‌ನಲ್ಲಿ ಶಿಳ್ಳೆ ಹಾಕಿ ಕಳಿಸುತ್ತಾರೆ. ಹಾಳೆ ಕೊಟ್ಟಾಗ ಮಾತ್ರ ಬೆಬ್ಬೆಬ್ಬೆ ಅನ್ನಬಾರದು. ನಾನು ಇವತ್ತಿಗೂ ಗುನುಗಿದ್ದನ್ನು ಸರಿಗಮದಲ್ಲಿ ಬರೆದುಕೊಂಡು, ಪಕ್ಕದಲ್ಲಿ ಬಾರ್ ಗೆರೆ ಎಳೆದುಕೊಳ್ಳುತ್ತೇನೆ. ನೋಡಿದವರು ನಗುತ್ತಾರೆ, ನಗಲಿ. ಬಿಟ್ ಸರಿಯಾಗಿ ಬಂದರೆ ಸಾಕು.

ಸ್ಟುಡಿಯೋ ಹೇಗಿರುತ್ತದೆ ಅಂತ ನೀವು ಮೂರು ಸಲ ನೋಡಿದ್ದೀರಿ, ಆದರೂ ಕೆಲವು ವಿಷಯ ಹೇಳಬೇಕು. ಮದುವೆಯಲ್ಲಿ ನಾವು ಬೆಲ್, ಅಂದರೆ ವಾದ್ಯದ ಅಗಲ ಬಾಯಿ, ತಂದು ಮೈಕಿನ ಬಾಯಿಗೆ ತುರುಕಿ ಅಭ್ಯಾಸ. ಇಲ್ಲಿ ಹಾಗೆ ಮಾಡಿದರೆ ಇಂಜಿನಿಯರ್ ಹೆಡ್‌ಫೋನ್ ಕಿತ್ತೆಸೆಯುತ್ತಾನೆ. ಸ್ಯಾಕ್ಸೋಫೋನಿನ ಸದ್ದು ಬೆಲ್‌ನಿಂದ ಮಾತ್ರ ಬರುವುದಿಲ್ಲ. ತೆರೆದಿರುವ ತೂತುಗಳಿಂದಲೂ ಬರುತ್ತದೆ. ಎಲ್ಲ ಮುಚ್ಚಿದ ಮಂದ್ರ ಸ್ವರ ಮಾತ್ರ ಪೂರ್ತಿ ಬೆಲ್‌ನಿಂದ. ಅದಕ್ಕೇ ಮೈಕನ್ನು ಒಂದಡಿ, ಒಂದೂವರೆ ಅಡಿ ದೂರ, ಕೀಲಿಗಳ ಕಡೆ ತಿರುಗಿಸಿ ಇಡುತ್ತಾರೆ. ನೀವು ಮಂಟಪದಲ್ಲಿ ತೂಗಾಡಿದ ಹಾಗೆ ತೂಗಾಡಿದರೆ ಸದ್ದು ಹೋಗಿ ಬಂದು ಮಾಡುತ್ತದೆ. ನನಗೆ ಒಬ್ಬ ಇಂಜಿನಿಯರ್ ನೆಲದ ಮೇಲೆ ಟೇಪ್ ಅಂಟಿಸಿ ಕಾಲು ಅಲ್ಲೇ ಇರಲಿ ಅಂದಿದ್ದ.

ಶ್ರುತಿಯದ್ದು ಇನ್ನೊಂದು ಕತೆ. ಸೆಕೆಗೆ ಸ್ಯಾಕ್ಸೋಫೋನ್ ಏರುತ್ತದೆ, ಚಳಿಗೆ ಇಳಿಯುತ್ತದೆ. ಮೇ ತಿಂಗಳ ಚಪ್ಪರದಲ್ಲಿ ನೀವು ಮೌತ್‌ಪೀಸನ್ನು ಕಾರ್ಕ್ ಮೇಲೆ ಸ್ವಲ್ಪ ಹೊರಗೆ ಎಳೆದುಕೊಳ್ಳುತ್ತೀರಿ, ಅಲ್ವಾ? ಏಸಿ ಸ್ಟುಡಿಯೋದಲ್ಲಿ ಅದೇ ಜಾಗದಲ್ಲಿ ಇಟ್ಟರೆ ಕೆಳಗೆ ಬೀಳುತ್ತೀರಿ. ಒಳಗೆ ತಳ್ಳಬೇಕು. ಮೊದಲ ಟೇಕ್‌ಗೆ ಮುಂಚೆ ಹತ್ತು ನಿಮಿಷ ಎಲ್ಲ ಕೀಲಿ ಮುಚ್ಚಿ ಸದ್ದಿಲ್ಲದೆ ಬಿಸಿ ಉಸಿರು ಊದಿ ವಾದ್ಯ ಬೆಚ್ಚಗೆ ಮಾಡಿ. ನಡುವೆ ಇಪ್ಪತ್ತು ನಿಮಿಷ ಕೂರಿಸಿದರು ಅಂದರೆ ಮತ್ತೆ ಊದಿ. ಹೊಸಬರ ಟೇಕ್ ಹಾಳಾಗುವುದು ಹೆಚ್ಚಾಗಿ ಇಲ್ಲಿ.

ಹೆಡ್‌ಫೋನಿನಲ್ಲಿ ತಾಳಕ್ಕೆ ಟಿಕ್ ಟಿಕ್ ಅನ್ನುವ ಕ್ಲಿಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಡೋಲಿನವನು ನಮ್ಮ ಜೊತೆ ಓಡುತ್ತಾನೆ, ಕ್ಲಿಕ್ ಓಡುವುದಿಲ್ಲ. ಮನೆಯಲ್ಲಿ ಮೊಬೈಲ್ ಮೆಟ್ರೊನೋಮ್ ಹಾಕಿಕೊಂಡು, ಒಂದು ಕಿವಿಯಲ್ಲಿ ಅದು, ಇನ್ನೊಂದು ಕಿವಿ ಖಾಲಿ, ವರ್ಣ ನುಡಿಸಿ. ಎರಡು ತಿಂಗಳಲ್ಲಿ ಸಿಟ್ಟು ಇಳಿಯುತ್ತದೆ.

ಈಗ ಕೆಲಸದ ಪ್ರಮಾಣ. ಮೊದಲೆಲ್ಲ ಕನ್ನಡ ಹಾಡುಗಳ ರೆಕಾರ್ಡಿಂಗ್ ನಡೆಯುತ್ತಿದ್ದದ್ದು ಮದರಾಸಿನಲ್ಲೇ. ದೊಡ್ಡ ಹಾಲಿನಲ್ಲಿ ಪಿಟೀಲು, ಬ್ರಾಸ್, ತಬಲ ಎಲ್ಲ ಒಟ್ಟಿಗೆ. 80ರ ದಶಕದಲ್ಲಿ ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದ ಮೇಲೆ ಇಲ್ಲಿಯೂ ಕೆಲಸ ಸಿಕ್ಕಿತು. ಮೂರ್ನಾಲ್ಕು ಜನ ಸ್ಯಾಕ್ಸೋಫೋನ್, ಟ್ರಂಪೆಟ್‌ನವರು ಸಾಲಾಗಿ ಕೂತು ನುಡಿಸುವ ಕಾಲ ಈಗ ಇಲ್ಲ. ಆ ಸಾಲನ್ನು ಪ್ರೋಗ್ರಾಮರ್ ಕೀಬೋರ್ಡಿನಲ್ಲೇ ಮಾಡಿ ಮುಗಿಸುತ್ತಾನೆ. ಕರೆಯುವುದು ಮುಂದೆ ಬಂದು ಹಾಡುವ ಒಂಟಿ ಬಿಟ್‌ಗೆ ಮಾತ್ರ, ಯಾಕಂದರೆ ಜಾರಿಸುವ ಸ್ವರ, ಉಸಿರಿನ ಸರಸರ, ಅದನ್ನು ಕೀಬೋರ್ಡ್ ಇನ್ನೂ ಸರಿಯಾಗಿ ಕದ್ದಿಲ್ಲ. ಅರ್ಧ ಗಂಟೆ, ಒಂದು ಗಂಟೆಯ ಕೆಲಸ. ಅದಕ್ಕೆ ಟ್ರಾಫಿಕ್‌ನಲ್ಲಿ ಎರಡು ಗಂಟೆ, ಕಾಯುವುದು ಮೂರು ಗಂಟೆ.

ಹಾಗಾಗಿ ಕೈಯಲ್ಲಿ ಇನ್ನೊಂದು ವಾದ್ಯ ಇರಲಿ. ಮುಂಬೈಯಲ್ಲಿ ಮನೋಹರಿ ಸಿಂಗ್ ಅಂತ ಇದ್ದರು. ಕೋಲ್ಕತ್ತಾದಿಂದ 1958ರಲ್ಲಿ ಬಂದವರು, 2010ರಲ್ಲಿ ತೀರಿಕೊಂಡರು. ಆರ್.ಡಿ. ಬರ್ಮನ್ ಕಾಲದ ಹಿಂದಿ ಹಾಡಿನ ಸ್ಯಾಕ್ಸೋಫೋನ್ ಅಂದರೆ ಅವರೇ. ಆದರೆ ಅವರು ಕೊಳಲೂ ನುಡಿಸುತ್ತಿದ್ದರು, ಕ್ಲಾರಿನೆಟ್ಟೂ ನುಡಿಸುತ್ತಿದ್ದರು, ವಾದ್ಯಗೋಷ್ಠಿಯನ್ನು ಜೋಡಿಸಿ ಬರೆಯುತ್ತಲೂ ಇದ್ದರು. ಅಂಥವರೇ ನಾಲ್ಕು ಕೆಲಸ ಕಲಿತಿದ್ದರು ಮಾರಾಯ್ರೆ! ನೀವು ಮೊದಲು ಆಲ್ಟೋಗಿಂತ ಸಣ್ಣ ಸ್ಯಾಕ್ಸೋಫೋನ್, ಸೊಪ್ರಾನೋ, ತಗೊಳ್ಳಿ. ಬೆರಳು ಅದೇ. ನಾಗಸ್ವರದ ಬಣ್ಣ ಬೇಕು ಅಂದಾಗ ಬಹಳ ಜನ ಅದನ್ನು ಕೇಳುತ್ತಾರೆ. ಒಂದೇ ನೆನಪಿಡಿ, ಅದು ಬಿ ಫ್ಲಾಟ್ ವಾದ್ಯ, ಲೆಕ್ಕ ಆಲ್ಟೋದ್ದಲ್ಲ.

ಈಗ ಮನೆಯಲ್ಲೇ ರೆಕಾರ್ಡ್ ಮಾಡಿ ಕಳಿಸುವ ಕೆಲಸವೂ ಬರುತ್ತಿದೆ. ಅವರು ಟ್ರ್ಯಾಕ್ ಕಳಿಸುತ್ತಾರೆ, ನೀವು ನುಡಿಸಿ ವೇವ್ ಫೈಲ್ ವಾಪಸ್ ಕಳಿಸಬೇಕು, ಸಾಮಾನ್ಯವಾಗಿ 24 ಬಿಟ್, 48 ಕಿಲೋಹರ್ಟ್ಸ್. ಒಂದು ಕಂಡೆನ್ಸರ್ ಮೈಕು, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಒಂದು ಇಂಟರ್‌ಫೇಸು, ಬಟ್ಟೆ ತುಂಬಿದ ಒಂದು ಬೀರು, ಹಳೇ ಹಾಸಿಗೆ ಸಾಕು. ಇದು ಬಂಟ್ವಾಳದಲ್ಲಿ ಕೂತೂ ಆಗುತ್ತದೆ, ಗಮನಿಸಿ. ಬೆಂಗಳೂರಿನ ಬಾಡಿಗೆ ಮನೆಗಿಂತ ನಿಮ್ಮ ತೋಟದ ಮನೆಯೇ ವಾಸಿ, ಪಕ್ಕದ ಮನೆಯವರು ಗೋಡೆ ಬಡಿಯುವುದಿಲ್ಲ. ಜೀರುಂಡೆ ಮಾತ್ರ ನೋಡಿಕೊಳ್ಳಿ. ಮಳೆಗಾಲದ ನನ್ನ ಒಂದು ರೆಕಾರ್ಡಿಂಗ್ ತುಂಬ ಜೀರುಂಡೆಯೇ ಇತ್ತು.

ದುಡ್ಡಿನ ವಿಷಯ. ಒಬ್ಬ ನಿರ್ಮಾಪಕರು ನನ್ನ ನಾಲ್ಕು ಹಾಡಿನ ದುಡ್ಡನ್ನು "ಮುಂದಿನ ವಾರ" ಅಂತ ಹದಿನಾಲ್ಕು ತಿಂಗಳು ತಳ್ಳಿದರು. ಕೊನೆಗೆ ಬರಲೇ ಇಲ್ಲ. ಅಂದಿನಿಂದ ನನ್ನ ರೀತಿ ಹೀಗೆ. ಸ್ಟುಡಿಯೋಗೆ ಹೋದರೆ ವಾದ್ಯ ಪೆಟ್ಟಿಗೆಗೆ ಹೋಗುವ ಮೊದಲು ದುಡ್ಡು ಫೋನಿಗೆ ಬರಬೇಕು. ಮನೆಯಿಂದ ಕಳಿಸುವುದಾದರೆ ಮೊದಲು ಎಂಪಿ3 ಕಳಿಸುತ್ತೇನೆ, ಒಪ್ಪಿಗೆ ಆಗಿ ದುಡ್ಡು ಬಂದ ಮೇಲೆ ವೇವ್ ಫೈಲ್. ಮೊದಲ ಸಲ ಹೇಳುವಾಗ ನಾಚಿಕೆ ಆಗುತ್ತದೆ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಬೇಜಾರು ಮಾಡಿಕೊಂಡವರು ಹೇಗೂ ಕೊಡುತ್ತಿರಲಿಲ್ಲ. ದೊಡ್ಡ ಕಂಪನಿಯವರು ಹತ್ತು ಪರ್ಸೆಂಟ್ ಟಿಡಿಎಸ್ ಹಿಡಿದು ಕೊಡುತ್ತಾರೆ. ಅದು ನಿಮ್ಮ ಪ್ಯಾನ್ ಮೇಲೆ ನಿಜವಾಗಿ ಕಟ್ಟಿದ್ದಾರಾ ಅಂತ ವರ್ಷಕ್ಕೊಮ್ಮೆ ನೋಡಿ, ರಿಟರ್ನ್ ಹಾಕಿ ವಾಪಸ್ ತಗೊಳ್ಳಿ. ಸೊಸೈಟಿಯಲ್ಲಿರುವ ನಿಮಗೆ ಇದನ್ನು ನಾನು ಹೇಳಬೇಕಾ?

ಇನ್ನೊಂದನ್ನು ಮಾತ್ರ ಹೇಳಲೇಬೇಕು, ಯಾಕಂದರೆ ನಮ್ಮವರು ಯಾರೂ ಹೇಳುವುದಿಲ್ಲ. ಹೆಸರು ಹಾಕಿಸಿಕೊಳ್ಳಿ. ಕಾಪಿರೈಟ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆಯಿತು. ವಾದಕನಿಗೂ ಕಲಾವಿದನಾಗಿ ಹಕ್ಕಿದೆ, ಆ ಹಕ್ಕು 50 ವರ್ಷ ಇರುತ್ತದೆ, ವ್ಯಾಪಾರಕ್ಕೆ ಬಳಸಿದರೆ ರಾಯಲ್ಟಿಯಲ್ಲೂ ಪಾಲಿದೆ. ಆದರೆ ಅದರಲ್ಲೇ ಒಂದು ಕೊಕ್ಕೆ ಇದೆ. ಸಿನಿಮಾದಲ್ಲಿ ಯಾರದ್ದು ಸಣ್ಣಪುಟ್ಟ, ಪ್ರಾಸಂಗಿಕ ಕೆಲಸವೋ, ರೂಢಿಯಂತೆ ಯಾರ ಹೆಸರನ್ನು ಎಲ್ಲೂ, ಟೈಟಲ್ ಕಾರ್ಡಿನಲ್ಲೂ ಹಾಕುವುದಿಲ್ಲವೋ, ಅಂಥವರನ್ನು ಕಲಾವಿದ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ತನ್ನ ಕೆಲಸವನ್ನು ತಿರುಚಿದರೆ ಆಕ್ಷೇಪ ಎತ್ತುವ ಹಕ್ಕೊಂದು ಬಿಟ್ಟು ಉಳಿದದ್ದು ಸಿಗುವುದಿಲ್ಲ. ಅಂದರೆ ಎಂಟು ಬಾರ್ ನುಡಿಸಿ ಹೆಸರಿಲ್ಲದೆ ಬಂದವನ ಕೈಯಲ್ಲಿ ವಾದ ಮಾಡಲು ಏನೂ ಉಳಿಯುವುದಿಲ್ಲ. ಹಾಡು ಆನ್‌ಲೈನ್‌ಗೆ ಹಾಕುವಾಗ ಕ್ರೆಡಿಟ್ ಸಾಲಿನಲ್ಲಿ "ಸ್ಯಾಕ್ಸೋಫೋನ್" ಅಂತ ನಿಮ್ಮ ಹೆಸರಿರಲಿ ಅಂತ ಅದೇ ದಿನ ಮೆಸೇಜ್ ಹಾಕಿ. ಅದಕ್ಕೆ ದುಡ್ಡು ಖರ್ಚಿಲ್ಲ, ಹೆಚ್ಚಿನವರು ಹಾಕುತ್ತಾರೆ. ಮುಂದಿನ ಕೆಲಸ ಬರುವುದೂ ಎಷ್ಟೋ ಸಲ ಆ ಸಾಲು ಓದಿಯೇ. ನಿಮ್ಮ ಮೂರು ಹಾಡಿನಲ್ಲಿ ಹೆಸರು ಇದೆಯಾ? ನೀವು ಬರೆದಿಲ್ಲ. ಇವತ್ತೇ ನೋಡಿ.

ಮೈ ಕಡೆಯೂ ಗಮನ ಇರಲಿ. ಆಲ್ಟೋ ಎರಡೂವರೆ ಕಿಲೋ ಹತ್ತಿರ ಇರುತ್ತದೆ. ತೇರಿನ ಮುಂದೆ ಮೂರು ಗಂಟೆ ಕತ್ತಿಗೆ ನೇತುಹಾಕಿಕೊಂಡು ನಡೆದರೆ ಆಮೇಲೆ ತಲೆ ತಿರುಗಿಸಲು ಆಗುವುದಿಲ್ಲ. ಎರಡೂ ಭುಜಕ್ಕೆ ಹಾಕುವ ಹಾರ್ನೆಸ್ ತಗೊಳ್ಳಿ, ಚಂದ ಕಾಣದಿದ್ದರೆ ಶಾಲು ಹೊದೆಯಿರಿ. ಡೋಲಿನ ಪಕ್ಕ ನಿಲ್ಲುವ ಕಿವಿಗೆ ಇಯರ್‌ಪ್ಲಗ್ ಹಾಕಿ. ನನ್ನ ಎಡಗಿವಿ ಈಗ ಅರ್ಧಕ್ಕೆ ಬಂದಿದೆ. ಸ್ಟುಡಿಯೋದಲ್ಲಿ ಹೆಡ್‌ಫೋನ್ ಬಲಗಿವಿಗೆ ಮಾತ್ರ ಜೋರಾಗಿ ಕೊಡಿ ಅಂತ ಕೇಳುತ್ತೇನೆ.

ವಾದ್ಯಕ್ಕೂ ಅಷ್ಟೇ. ನಿಮ್ಮ ಕಡೆಯ ಮಳೆಗಾಲದಲ್ಲಿ ಚರ್ಮದ ಪ್ಯಾಡು ತೇವ ಹಿಡಿದು ಅಂಟಿಕೊಳ್ಳುತ್ತದೆ. ಮೊದಲು ಕೈಕೊಡುವುದು ಜಿ ಶಾರ್ಪ್ ಕೀಲಿ. ಒತ್ತಿದರೆ ಏಳುವುದೇ ಇಲ್ಲ, ಅಂಟಿ ಕೂರುತ್ತದೆ. ಮೊದಲ ಸಲ ನಾನು ಬೆರಳಿನದ್ದೇ ತಪ್ಪು ಅಂದುಕೊಂಡಿದ್ದೆ. ತೆಳು ಸಿಗರೇಟ್ ಕಾಗದ ಪ್ಯಾಡಿನ ಕೆಳಗಿಟ್ಟು ಕೀಲಿ ಮೆಲ್ಲಗೆ ಮುಚ್ಚಿ ಬಿಡಿ, ನೀರು ಹೀರಿಕೊಳ್ಳುತ್ತದೆ. ನಾನು ಸಿಗರೇಟ್ ಸೇದುವುದಿಲ್ಲ. ಆದರೂ ಪೆಟ್ಟಿಗೆಯಲ್ಲಿ ಆ ಕಾಗದ ನೋಡಿದವರಿಗೆ ಇಪ್ಪತ್ತು ವರ್ಷದಿಂದ ವಿವರಿಸುತ್ತಾ ಬಂದಿದ್ದೇನೆ.

ಕೊನೆಗೆ ಕೆಲಸ ಬಿಡುವ ಮಾತು. ಈ ವರ್ಷ ಬಿಡಬೇಡಿ. ಆಟಿಯಲ್ಲಿ ಸೆಟ್‌ಗೆ ಕೆಲಸ ಇರುವುದಿಲ್ಲ. ಆಗ ಸೊಸೈಟಿಯಲ್ಲಿ ಎರಡು ವಾರ ರಜೆ ಕೇಳಿ ಬೆಂಗಳೂರಿಗೆ ಬನ್ನಿ. ಶ್ರಾವಣದ ಮದುವೆಗಳಿಗೆ ಜೊತೆ ಹುಡುಕುವವರು ಆಗಲೇ ಓಡಾಡುತ್ತಿರುತ್ತಾರೆ. ನಿಮ್ಮನ್ನು ಕರೆದ ಸ್ಟುಡಿಯೋ ಇಂಜಿನಿಯರನ್ನು ನೋಡಿ ಬನ್ನಿ, ಸಂಗೀತ ನಿರ್ದೇಶಕರನ್ನಲ್ಲ. ನಿರ್ದೇಶಕರು "ಯಾರಾದ್ರೂ ಸ್ಯಾಕ್ಸ್‌ನವರು ಇದ್ದಾರಾ?" ಅಂತ ಕೇಳುವುದು ಆ ಇಂಜಿನಿಯರನ್ನೇ. ವರ್ಷಕ್ಕೆ ಮೂರು ಇದ್ದದ್ದು ಇಪ್ಪತ್ತು ಆಗುವ ತನಕ ಸಂಬಳ ಇರಲಿ. ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿ ಬೇರೆಯೇ ಇರಲಿ, ಅದಕ್ಕೆ ನಾನು ಆಷಾಢದ ಡಬ್ಬಿ ಅನ್ನುತ್ತೇನೆ. ಮಾವನ ಹತ್ತಿರ ಈಗಲೇ ಮಾತಾಡಿ. ಸೆಟ್ ಬಿಡುತ್ತೇನೆ ಅನ್ನಬೇಡಿ. ಇಂತಿಂಥ ಮುಹೂರ್ತಕ್ಕೆ ಖಂಡಿತ ಇರುತ್ತೇನೆ ಅಂತ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ ಕೊಡಿ. ಹತ್ತು ವರ್ಷ ಜೊತೆಗೆ ನಿಲ್ಲಿಸಿಕೊಂಡವರು ಅವರು, ಅವರಿಗೆ ಬೇಕಾದದ್ದೂ ಆ ದಿನಾಂಕಗಳೇ.

ರೀಡ್ ಪ್ರಶ್ನೆ ಸಣ್ಣದು ಅಂದಿರಿ. ಸಣ್ಣದಲ್ಲ. ಎರಡೂವರೆ ಮೆತ್ತಗೆ, ತುಟಿಗೆ ಸುಸ್ತಾಗುವುದಿಲ್ಲ, ಗಮಕಕ್ಕೆ ಬೇಗ ಬಾಗುತ್ತದೆ. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಊದಬೇಕಾದ ಮದುವೆಗೆ ಅದೇ ಸರಿ. ಮೂರು ಗಟ್ಟಿ, ಸದ್ದು ತುಂಬಿ ಬರುತ್ತದೆ, ತಾರಸ್ಥಾಯಿ ಕೀಚಲಾಗುವುದಿಲ್ಲ, ಆದರೆ ಒಂದು ಗಂಟೆಯಲ್ಲಿ ತುಟಿ ಸೋಲುತ್ತದೆ. ಸ್ಟುಡಿಯೋ ಕೆಲಸ ಒಂದೇ ಗಂಟೆಯದ್ದು ಅಲ್ವಾ? ಅಲ್ಲಿ ಮೂರು. ಮೌತ್‌ಪೀಸ್ ಬಾಯಿ ಅಗಲ ಇದ್ದರೆ ಎರಡರಲ್ಲೂ ಅರ್ಧ ಇಳಿಸಿ. ಹತ್ತು ರೀಡಿನ ಒಂದು ಡಬ್ಬಿಯಲ್ಲಿ ನಿಜವಾಗಿ ಹಾಡುವುದು ಮೂರೋ ನಾಲ್ಕೋ. ಅವಕ್ಕೆ ಪೆನ್ನಿನಲ್ಲಿ ನಂಬರ್ ಹಾಕಿ, ದಿನಕ್ಕೊಂದರಂತೆ ಬದಲಿಸಿ. ನಾನು ಸ್ಟುಡಿಯೋದ ಎರಡು ರೀಡಿಗೆ ಹಿಂದುಗಡೆ ಒಂದು ಚುಕ್ಕಿ ಇಡುತ್ತೇನೆ. ಚುಕ್ಕಿ ಇರುವ ರೀಡು ಎಂಥ ಮದುವೆಯಾದರೂ ಪೆಟ್ಟಿಗೆಯಿಂದ ಹೊರಗೆ ಬರುವುದಿಲ್ಲ.